ಅಪ್ಪನ ಡಯಾಲಿಸಿಸ್ ಮತ್ತು ನಮ್ಮ ಸೆಕೆಂಡ್ ಹ್ಯಾಂಡ್ ಫಿಗೋ

ಅಪ್ಪನಿಗೆ ಡಯಾಲಿಸಿಸ್ ಶುರುವಾದ ಮೇಲೆ ನಮ್ಮ ಮನೆಗೆ ಕಾರು ಬೇಕೇ ಬೇಕಾಯಿತು. ಸರದಿ ಸಿಕ್ಕಿದ್ದು ಹುಮನಾಬಾದಿನಲ್ಲಿ. ವಾರಕ್ಕೆ ಎರಡು ಸಲ ಬೀದರ್ ಜಿಲ್ಲೆಯ ನಮ್ಮೂರು ಗೋರ್ಟಾ (ಬಿ)ಯಿಂದ ಹೋಗಬೇಕು, ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು, ಮತ್ತೆ ಊರಿಗೆ ಬರಬೇಕು. ಡಯಾಲಿಸಿಸ್‌ಗಾಗಿ ಎಡಗೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರು. ಆ ಕೈ ಮೇಲೆ ಭಾರ ಬೀಳಬಾರದು, ಯಾರೂ ಹಿಡಿದು ಜಗ್ಗಬಾರದು. ಬಸ್ಸಿನಲ್ಲಿ, ಕ್ರೂಸರಿನಲ್ಲಿ ಜನ ಒತ್ತಿಕೊಂಡು ಕೂಡುವಾಗ ಅಪ್ಪ ಆ ಕೈಯನ್ನು ಎದೆಗೆ ಅವಚಿಕೊಂಡು ಕೂತಿರುತ್ತಿದ್ದ. ಡಯಾಲಿಸಿಸ್ ಮುಗಿಸಿ ಬರುವಾಗ ಬಿಪಿ ಇಳಿದಿರುತ್ತದೆ, ಕಾಲು ನಡುಗುತ್ತವೆ, ಕೂತಲ್ಲೇ ಕಣ್ಣು ಮುಚ್ಚುತ್ತವೆ. ಅಂಥವರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿಕೊಂಡು ನಿಲ್ಲುವುದು ಏನೆಂಬುದು ಮಾಡಿದವರಿಗೇ ಗೊತ್ತು.

ಸೋಯಾ ಮಾರಿದ ದುಡ್ಡು, ಅಕ್ಕ ಕೊಟ್ಟದ್ದು, ಸೊಸೈಟಿಯ ಸಾಲ ಎಲ್ಲ ಸೇರಿ ಎರಡು ಲಕ್ಷದೊಳಗೆ ಗಾಡಿ ಬರಬೇಕಿತ್ತು. ಆ ದುಡ್ಡಿಗೆ ಮಾರುತಿ ನೋಡಿದರೆ ತೀರ ಹಳೆಯದು, ಇಲ್ಲವೆ ಟ್ಯಾಕ್ಸಿಗೆ ಓಡಿ ಸವೆದದ್ದು. ಅದೇ ದುಡ್ಡಿಗೆ ಅಮೆರಿಕದ ಕಂಪನಿಗಳ ಸಣ್ಣ ಕಾರುಗಳು ಮಾತ್ರ ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತಿದ್ದವು: ಷೆವ್ರೊಲೆ ಬೀಟ್, ಫೋರ್ಡ್ ಫಿಗೋ. ಎರಡೂ 2010ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಫಿಗೋ ಮೂರೂವರೆ ಲಕ್ಷ ರೂಪಾಯಿಯಿಂದ ಶುರುವಾಗಿ ಒಮ್ಮೆಲೆ ಮಂದಿಯ ಮನಸ್ಸು ಗೆದ್ದಿತ್ತು. ಆಮೇಲೆ ಎರಡೂ ಕಂಪನಿಗಳು ಇಲ್ಲಿಂದ ಗಂಟುಮೂಟೆ ಕಟ್ಟಿದವು. ಷೆವ್ರೊಲೆಯ ಮಾಲೀಕ ಕಂಪನಿ ಜನರಲ್ ಮೋಟರ್ಸ್ 2017ರ ಮೇ ತಿಂಗಳಲ್ಲಿ ಇನ್ನು ಭಾರತದಲ್ಲಿ ಕಾರು ಮಾರುವುದಿಲ್ಲ ಎಂದಿತು. ಫೋರ್ಡ್ 2021ರ ಸೆಪ್ಟೆಂಬರ್ 9ರಂದು ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಹತ್ತು ವರ್ಷದಲ್ಲಿ ಇನ್ನೂರು ಕೋಟಿ ಡಾಲರಿಗೂ ಹೆಚ್ಚು ನಷ್ಟ ಎಂಬುದು ಅದು ಕೊಟ್ಟ ಕಾರಣ. ಕಂಪನಿ ಹೋಯಿತು ಅಂದಕೂಡಲೆ ಹಳೆ ಗಾಡಿಯ ರೇಟು ಬೀಳುತ್ತದೆ. ಹಾಗೆ ಬಿದ್ದ ರೇಟಿನಲ್ಲಿಯೇ ನಮ್ಮಂಥವರಿಗೆ ಕಾರು ಕೈಗೆಟಕುವುದು.

ಮೊದಲು ನೋಡಿದ್ದು ಬಸವಕಲ್ಯಾಣದ ಒಬ್ಬ ಮಾಸ್ತರರ ಬೀಟ್ ಡೀಸೆಲ್. 936 ಸಿಸಿ, ಮೂರು ಸಿಲಿಂಡರ್. ಪುಣೆ ಹತ್ತಿರದ ತಳೇಗಾಂವ್ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಮಾಸ್ತರರು ಚಹಾ ಕುಡಿಸಿ ಇದ್ದದ್ದು ಇದ್ದಂಗೆ ಹೇಳಿದರು: "ತಮ್ಮಾ, ಆವರೇಜ್ ಚಲೋ ಕೊಡ್ತದ, ಸುಳ್ಳ ಹೇಳಂಗಿಲ್ಲ. ಆದ್ರ ಒಂದು ಸಣ್ಣ ಸಾಮಾನು ಬೇಕಂದ್ರ ವಾರಗಟ್ಲೆ ಹಾದಿ ನೋಡಬೇಕಾಗ್ತದ. ಪೇಶೆಂಟ್ ಒಯ್ಯೋ ಗಾಡಿ ಅಂತೀರಿ. ಇದು ಬ್ಯಾಡ್ರಿ." ತಮ್ಮ ಗಾಡಿ ಮಾರಾಟವಾಗದಿದ್ದರೂ ಚಿಂತೆಯಿಲ್ಲ ಎಂದು ಹೀಗೆ ಹೇಳಿದ ಆ ಹಿರಿಯರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಫಿಗೋ ಸಿಕ್ಕಿದ್ದು ಒಬ್ಬ ವ್ಯಾಪಾರಿಯ ಹತ್ತಿರ. 2012ರ ಮಾಡೆಲ್, 1.4 ಡೀಸೆಲ್, ಹೈದರಾಬಾದಿನಿಂದ ಬಂದದ್ದು, ಎಪಿ ನಂಬರು. ಹೈದರಾಬಾದಿನ ಗಾಡಿ ಅಂದರೆ ನನಗೆ ಮೊದಲು ನೆನಪಾದದ್ದು 2020ರ ಅಕ್ಟೋಬರ್ ಪ್ರವಾಹ. ಆಗ ನೀರಲ್ಲಿ ಮುಳುಗಿದ ಕಾರುಗಳು ಪಾಲಿಶ್ ಆಗಿ ಸುತ್ತಲಿನ ಊರುಗಳಿಗೆ ಬರುತ್ತವೆಂದು ಕೇಳಿದ್ದೆ. ಮ್ಯಾಟ್ ಎತ್ತಿ ಮೂಸಿದೆ, ಸೀಟಿನ ಕೆಳಗಿನ ಹಳಿಗೆ ಜಂಗು ಹಿಡಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿದೆ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಕಲೆ ಹುಡುಕಿದೆ. ಎಲ್ಲ ಸ್ವಚ್ಛವಿತ್ತು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿಸಿದೆ. ಒಂದೇ ಸೆಲ್ಫ್‌ಗೆ ಶುರುವಾಯಿತು, ಹೊಗೆ ಬರಲಿಲ್ಲ.

ಏರ್‌ಬ್ಯಾಗ್ ಇರುವ ಮಾಡೆಲ್ಲೇ ಬೇಕೆಂದು ಹಟ ಹಿಡಿದಿದ್ದೆ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಫಿಗೋವನ್ನು ಗುದ್ದಿಸಿ ಪರೀಕ್ಷಿಸಿದಾಗ ದೊಡ್ಡವರ ಸುರಕ್ಷತೆಗೆ ಒಂದು ನಕ್ಷತ್ರವೂ ಬರಲಿಲ್ಲ. ಗಾಡಿಯ ಚೌಕಟ್ಟು ಮಾತ್ರ ಗಟ್ಟಿಯಾಗಿ ನಿಂತಿತ್ತು. ಏರ್‌ಬ್ಯಾಗ್ ಇದ್ದರೆ ಆ ಗಟ್ಟಿತನದ ಉಪಯೋಗ ಒಳಗೆ ಕೂತವರಿಗಾಗುತ್ತದೆ. ಈ ಗಾಡಿಯಲ್ಲಿ ಏರ್‌ಬ್ಯಾಗ್ ಇತ್ತು.

ಕಾಗದಪತ್ರದಲ್ಲಿಯೂ ಸಡಿಲ ಬಿಡಲಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಹಾಗೇ ಉಳಿದಿತ್ತು. ಬ್ಯಾಂಕಿನ ಸಹಿಯ ಫಾರ್ಮ್ 35 ಬಂದು ಆ ನಮೂದು ತೆಗೆಯುವ ತನಕ ಪೂರ್ತಿ ದುಡ್ಡು ಕೊಡಲಿಲ್ಲ. ಬೇರೆ ರಾಜ್ಯದ ಗಾಡಿಗೆ ಫಾರ್ಮ್ 28ರ ಎನ್‌ಒಸಿ ಬೇಕು, ಇಲ್ಲಿ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಅದೆಲ್ಲ ಮುಗಿದು ಬಸವಕಲ್ಯಾಣದ ಕೆಎ 56 ನಂಬರು ಬಂತು.

ಇನ್ನು ಉಳಿದದ್ದು ಟೈಮಿಂಗ್ ಬೆಲ್ಟಿನ ಮಾತು. ಫೋರ್ಡ್ ಮತ್ತು ಫ್ರಾನ್ಸಿನ ಪೆಜೊ-ಸಿತ್ರೊಯೆನ್ ಕೂಡಿ ಮಾಡಿದ ಈ 1399 ಸಿಸಿ ಇಂಜಿನಿನಲ್ಲಿ ಚೈನ್ ಇಲ್ಲ, ರಬ್ಬರ್ ಬೆಲ್ಟ್ ಇದೆ. ಲಕ್ಷ ಕಿಲೋಮೀಟರಿನ ಆಚೆಈಚೆ ಅದನ್ನು ಬದಲಿಸಲೇಬೇಕು ಅನ್ನುತ್ತಾರೆ ಮಿಸ್ತ್ರಿಗಳು. ಚೈನ್ ಸಡಿಲಾದರೆ ಸಪ್ಪಳ ಮಾಡಿ ಎಚ್ಚರಿಸುತ್ತದೆ. ಬೆಲ್ಟಿಗೆ ಆ ಗುಣವಿಲ್ಲ, ಒಮ್ಮೆಲೆ ಹರಿದು ಇಂಜಿನನ್ನೇ ಕೆಡಿಸುತ್ತದೆ. ವ್ಯಾಪಾರಿಯನ್ನು ಇದನ್ನೇ ಮೊದಲು ಕೇಳಿದೆ. ಅವನು ಡ್ಯಾಶ್‌ಬೋರ್ಡಿನ ಖಾನೆಯಿಂದ ಬಿಲ್ ತೆಗೆದು ತೋರಿಸಿದ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಎಲ್ಲ ಹೊಸದು ಅಂತ ಗ್ಯಾರೇಜಿನ ಮೊಹರಿನೊಂದಿಗೆ ಬರೆದಿತ್ತು. ಮೀಟರಿನಲ್ಲಿ 78 ಸಾವಿರ ಚಿಲ್ಲರೆ ಇತ್ತು. ಲೆಕ್ಕ ಸರಿಯಾಗಿ ಕೂತಿತ್ತು.

ಗಾಡಿ ಬಂದ ಮೇಲೆ ಅಪ್ಪನ ಮುಖದಲ್ಲಿ ಗೆಲುವು ಬಂತು. ಮುಂದಿನ ಸೀಟು ಹಿಂದಕ್ಕೆ ಬಾಗಿಸಿದರೆ ಕಾಲು ಚಾಚಿ ಮಲಗಬಹುದಿತ್ತು. ಮುರುಮಿನ ರಸ್ತೆಯ ಗುಂಡಿಗಳು ಮೈಗೆ ತಾಗುತ್ತಿರಲಿಲ್ಲ. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾಯ್ದರೂ ಗಾಡಿ ಅಲುಗುತ್ತಿರಲಿಲ್ಲ. ಊರಿನ ಹುತಾತ್ಮರ ಸ್ಮಾರಕ 2023ರ ಮಾರ್ಚ್ 26ರಂದು ಉದ್ಘಾಟನೆಯಾಯಿತು. ಅದನ್ನು ನೋಡಬೇಕು ಅಂದಾಗ ಅದೇ ಗಾಡಿಯಲ್ಲಿ ಕರೆದೊಯ್ದೆ. 1948ರಲ್ಲಿ ರಜಾಕಾರರು ನಮ್ಮೂರಲ್ಲಿ ಮಾಡಿದ ಹತ್ಯಾಕಾಂಡದ ಕಥೆಯನ್ನು ಅಪ್ಪ ತನ್ನ ಅಪ್ಪನಿಂದ ಕೇಳಿ ಬೆಳೆದವನು. ಕಾರಿನಿಂದ ಇಳಿಯದೆ, ಗಾಜು ಇಳಿಸಿ, ಬಹಳ ಹೊತ್ತು ಸ್ಮಾರಕದ ಧ್ವಜದ ಕಡೆ ನೋಡುತ್ತ ಕೂತಿದ್ದ.

ಅದೇ ವರ್ಷದ ಮೇ ತಿಂಗಳಲ್ಲಿ ಬೆಲ್ಟ್ ಹರಿಯಿತು.

ಅವತ್ತು ಡಯಾಲಿಸಿಸ್ ಮುಗಿಸಿ, ಬಸವಕಲ್ಯಾಣದಲ್ಲಿ ಅಕ್ಕನ ಮನೆಗೆ ಹೋಗಿ ಊರಿಗೆ ಹೋಗೋಣವೆಂದು ಹೆದ್ದಾರಿ ಹಿಡಿದಿದ್ದೆವು. ಮಧ್ಯಾಹ್ನದ ಬಿಸಿಲು. ರಾಜೇಶ್ವರ ಊರು ಇನ್ನೂ ಮುಂದಿತ್ತು. ಮುಂದಿನ ಟ್ರ್ಯಾಕ್ಟರ್ ದಾಟಿಸಲು ಬಲಕ್ಕೆ ಬಂದಿದ್ದೆ. ಕಟ್ ಅಂತ ಒಂದೇ ಸಪ್ಪಳ, ಇಂಜಿನ್ ಸತ್ತಿತು. ಮೀಟರಿನ ದೀಪಗಳೆಲ್ಲ ಒಮ್ಮೆಲೇ ಹತ್ತಿದವು. ಸ್ಟಿಯರಿಂಗ್ ಕಲ್ಲಾಯಿತು. ಇಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಕೆಲಸ ಮಾಡುವುದಿಲ್ಲ, ಬ್ರೇಕು ಒಂದೆರಡು ಸಲ ಒತ್ತುವ ತನಕ ಮಾತ್ರ ಮೆತ್ತಗಿರುತ್ತದೆ. ಹಿಂದಿನ ಲಾರಿಯ ಹಾರ್ನ್ ಕಿವಿಯಲ್ಲೇ ಇತ್ತು. ಎರಡೂ ಕೈಯಿಂದ ಸ್ಟಿಯರಿಂಗಿಗೆ ಜೋತುಬಿದ್ದು ಎಡಕ್ಕೆ ಎಳೆದೆ. ಬ್ರೇಕನ್ನು ಮತ್ತೆ ಮತ್ತೆ ಒತ್ತದೆ ಒಂದೇ ಸಲ ಒತ್ತಿ ಹಿಡಿದೆ. ಗಾಡಿ ರಸ್ತೆಬದಿಯ ಮಣ್ಣಿಗಿಳಿದು ನಿಂತಿತು. ಅಪ್ಪ ಕಣ್ಣು ತೆರೆದು, "ಏನಾತೋ ತಮ್ಮಾ?" ಅಂದ. "ಏನಿಲ್ಲಪ್ಪ, ಬಂದ್ ಬಿತ್ತು" ಅಂದೆ. ನನ್ನ ಕೈ ನಡುಗುವುದು ಅವನಿಗೆ ಕಾಣದಂತೆ ತೊಡೆಯ ಕೆಳಗಿಟ್ಟುಕೊಂಡೆ.

ಕಿಡ್ನಿ ಕೆಟ್ಟವರು ದಣಿದರೂ ಹೊಟ್ಟೆ ತುಂಬ ನೀರು ಕುಡಿಯುವಂತಿಲ್ಲ. ದಿನಕ್ಕೆ ಇಷ್ಟೇ ಅಂತ ಡಾಕ್ಟರರು ಅಳೆದು ಕೊಟ್ಟಿರುತ್ತಾರೆ. ಆ ಬಿಸಿಲಲ್ಲಿ ಎಸಿ ಇಲ್ಲದೆ ಅಪ್ಪ ತುಟಿ ಸವರಿಕೊಳ್ಳುತ್ತ ಕೂತಿದ್ದ. ಬಾಟಲಿ ಕೈಯಲ್ಲಿದ್ದೂ ನಾನು ಒಂದು ಗುಟುಕಿನ ಮೇಲೆ ಕೊಡುವಂತಿರಲಿಲ್ಲ. ಒಂದು ಬೇವಿನ ಮರವೂ ಹತ್ತಿರ ಇರಲಿಲ್ಲ. ಕೊನೆಗೆ ಅದೇ ಹಾರ್ನ್ ಹಾಕಿದ್ದ ಲಾರಿಯ ಡ್ರೈವರ್ ಮುಂದೆ ಹೋಗಿ ನಿಲ್ಲಿಸಿ ನಡೆದು ಬಂದ. ಮಹಾರಾಷ್ಟ್ರದವನು. ಅಪ್ಪನ ಕೈಯ ಬ್ಯಾಂಡೇಜ್ ನೋಡಿ ಹೆಚ್ಚೇನೂ ಕೇಳಲಿಲ್ಲ. ಇಬ್ಬರೂ ಸೇರಿ ಅಪ್ಪನನ್ನು ಕ್ಯಾಬಿನ್ನಿಗೆ ಹತ್ತಿಸಿದೆವು. ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ತನಕ ಬಿಟ್ಟ, ಒಂದು ರೂಪಾಯಿ ಮುಟ್ಟಲಿಲ್ಲ.

ಗಾಡಿಯನ್ನು ಎಳೆಸಿಕೊಂಡು ಬಂದು ಬಸವಕಲ್ಯಾಣದ ಹಿರಿಯ ಮಿಸ್ತ್ರಿಯೊಬ್ಬರ ಹತ್ತಿರ ಹಾಕಿದೆ. ಆ ಚಾಚಾ ಬಾನೆಟ್ ಎತ್ತಿ, ಕವರ್ ಬಿಚ್ಚಿ, ಹರಿದ ಬೆಲ್ಟಿನ ತುಂಡು ನನ್ನ ಕೈಗಿಟ್ಟರು. ಅಂಚೆಲ್ಲ ಬಿರುಕು, ಹಲ್ಲು ಉದುರಿದ್ದವು. "ಇದು ಬದಲಿ ಮಾಡಿದ್ದಲ್ಲ ಬೇಟಾ, ಗಾಡಿ ಜೊತಿ ಕಂಪನಿಯಿಂದ ಬಂದಿದ್ದೇ ಅದ. ವಾಲ್ವ್ ಬೆಂಡ್ ಆಗಿರ್ತಾವ. ಹೆಡ್ ಇಳಸಬೇಕು." ಖಾನೆಯಲ್ಲಿದ್ದ ಬಿಲ್ ತೋರಿಸಿದೆ. ಚಾಚಾ ಓದಿ, ಮಡಚಿ, ವಾಪಸ್ ಕೊಟ್ಟರು, ಮಾತಾಡಲಿಲ್ಲ.

ಆಮೇಲೆ ಹೈದರಾಬಾದಿನಲ್ಲಿರುವ ನನ್ನ ಗೆಳೆಯ ಹಳೆಯ ನಂಬರು ಹಿಡಿದು ಕಂಪನಿಯ ಸರ್ವಿಸಿನ ದಾಖಲೆ ಹುಡುಕಿಸಿದ. 2018ರಲ್ಲಿಯೇ ಈ ಗಾಡಿ 1,12,000 ಕಿಲೋಮೀಟರ್ ಓಡಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರು, ಬೆಲ್ಟಿನ ಬಿಲ್ಲೂ ಸುಳ್ಳು. ಇದು ಗಾಡಿ ಮಾಡಿದವರ ತಪ್ಪಲ್ಲ, ಇಂಜಿನಿನ ತಪ್ಪೂ ಅಲ್ಲ. ರೋಗಿಯನ್ನು ಒಯ್ಯಲು ಎಂದು ನಾನು ಬಾಯಿಬಿಟ್ಟು ಹೇಳಿದ ಮೇಲೂ ಆ ಕಾಗದ ನನ್ನ ಕೈಗಿಟ್ಟ ಮನುಷ್ಯನ ತಪ್ಪು. ಅವನು ಫೋನ್ ಎತ್ತುವುದು ಬಿಟ್ಟ.

ಹೆಡ್ ಇಳಿಸಿದ ಗಾಡಿ ಬಹಳ ದಿನ ಚಾಚಾನ ಅಂಗಳದಲ್ಲಿ ನಿಂತಿತು. ಬೆಲ್ಟಿನ ಕಿಟ್ ಬೇಗ ಬಂತು, ವಾಲ್ವುಗಳು ಮತ್ತು ರಾಕರ್‌ಗಳು ಬರಲು ತಡವಾಯಿತು. ಫೋರ್ಡ್ ಫಿಯೆಸ್ಟಾದಲ್ಲಿಯೂ ಇದೇ ಇಂಜಿನ್ ಇದ್ದದ್ದರಿಂದ ಕೊನೆಗೆ ಹೈದರಾಬಾದಿನಲ್ಲಿ ಸಿಕ್ಕವು. ಅಲ್ಲಿಯವರೆಗೆ ಬಾಡಿಗೆ ಕಾರು. ಪ್ರತಿ ಸಲ ನಾನು ಬಾಡಿಗೆ ಎಣಿಸಿ ಕೊಡುವುದನ್ನು ಅಪ್ಪ ಕಿಟಕಿಯಿಂದ ನೋಡುತ್ತಿದ್ದ. ಒಂದು ದಿನ ಬೆಳಿಗ್ಗೆ, "ಇವತ್ತ ಬ್ಯಾಡ, ಮೈ ಹಗುರದ. ಮುಂದಿನ ಸಲ ಹೋಗಮು" ಅಂದ. ಎಷ್ಟು ಹೇಳಿದರೂ ಹಾಸಿಗೆ ಬಿಟ್ಟು ಏಳಲಿಲ್ಲ. ಅವ್ವ ಅತ್ತಳು, ಅಕ್ಕ ಫೋನಿನಲ್ಲಿ ಬೈದಳು. ದುಡ್ಡು ಉಳಿಸಲು ಹಾಗೆ ಮಾಡಿದನೆಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಮರುದಿನ ರಾತ್ರಿ ಪಾದ ಬಾತವು, ಮುಖ ಬಾತಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿಸಿ ಕೂಡಿಸಿದೆವು. ದೇಹದಲ್ಲಿ ನಿಂತ ನೀರು ಎದೆಗೆ ಏರುವುದು ಅಂದರೆ ಏನೆಂದು ಆ ರಾತ್ರಿ ಕಂಡೆ. 108ಕ್ಕೆ ಫೋನ್ ಮಾಡಿ ಅಂಗಳದಲ್ಲಿ ನಿಂತೆ. ಅಂಬುಲೆನ್ಸ್ ಬಂತು, ಆಕ್ಸಿಜನ್ ಹಚ್ಚಿದರು, ಆಸ್ಪತ್ರೆಯಲ್ಲಿ ರಾತ್ರಿಯೇ ಯಂತ್ರಕ್ಕೆ ಹಾಕಿದರು. ಅಪ್ಪ ಉಳಿದ. ಬೆಳಗಾದ ಮೇಲೆ ನನ್ನ ಕೈ ಹಿಡಿದು, "ಇನ್ನ ತಪ್ಪಸಂಗಿಲ್ಲ" ಅಂದ.

ಫಿಗೋ ರಿಪೇರಿಯಾಗಿ ಬಂದ ಮೇಲೆ ಮತ್ತೆ ಅದರಲ್ಲೇ ಹೋಗಿ ಬರುತ್ತಿದ್ದೇವೆ. ಆಮೇಲೆ ಅದು ಹಾದಿಯಲ್ಲಿ ಕೈಕೊಟ್ಟಿಲ್ಲ. ಅದಕ್ಕೇ ಫಿಗೋ ಕೊಳ್ಳಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಎರಡು ಲಕ್ಷದೊಳಗೆ ಇಷ್ಟು ಗಟ್ಟಿಯಾದ, ಇಷ್ಟು ಮೆತ್ತಗೆ ಓಡುವ ಗಾಡಿ ಸಿಗುವುದು ಕಷ್ಟ. ಆದರೆ ಕಂಪನಿ ಬಿಟ್ಟುಹೋದ ಗಾಡಿ ನೋಡುವವರು ಮೊದಲು ಗಾಡಿಯನ್ನಲ್ಲ, ತಮ್ಮೂರಿನಿಂದ ಎಟಕುವ ದೂರದಲ್ಲಿ ಅದರ ಹೆಡ್ ಇಳಿಸಬಲ್ಲ ಮಿಸ್ತ್ರಿಯನ್ನು ಹುಡುಕಬೇಕು. ಅಂಥವರಿಲ್ಲದಿದ್ದರೆ ಗಾಡಿ ಎಷ್ಟೇ ಚೆನ್ನಾಗಿರಲಿ, ಬೇಡ. ಮುಂಗಡ ಕೊಡುವ ಮೊದಲೇ ಗಾಡಿಯ ನಂಬರು ಕೊಟ್ಟು ಕಂಪನಿಯ ಸರ್ವಿಸ್ ದಾಖಲೆ ತೆಗೆಸಿ. ಮೀಟರನ್ನು ತಿರುಗಿಸಬಹುದು, ಹಳೆ ದಾಖಲೆಯ ಅಂಕಿಯನ್ನು ತಿರುಗಿಸಲಾಗದು. 2013ರಲ್ಲಿ ಫೋರ್ಡ್ 1.66 ಲಕ್ಷ ಫಿಗೋ ಮತ್ತು ಕ್ಲಾಸಿಕ್ ಗಾಡಿಗಳನ್ನು ಹಿಂದಿನ ಆಕ್ಸಲ್ ಮತ್ತು ಪವರ್ ಸ್ಟಿಯರಿಂಗಿನ ಹೋಸ್ ಪರೀಕ್ಷೆಗೆ ವಾಪಸ್ ಕರೆದಿತ್ತು. ನೀವು ನೋಡುವ ಗಾಡಿಗೆ ಆ ಕೆಲಸ ಆಗಿದೆಯೇ ಎಂಬುದನ್ನೂ ಕೇಳಿ. ಟೈಮಿಂಗ್ ಬೆಲ್ಟ್ ಬಗ್ಗೆ ಯಾರು ಏನೇ ಕಾಗದ ತೋರಿಸಲಿ, ಗಾಡಿ ಮನೆಗೆ ಬಂದ ವಾರದಲ್ಲೇ ಹೊಸದು ಹಾಕಿಸಿ, ಜೊತೆಗೆ ವಾಟರ್ ಪಂಪನ್ನೂ ಬದಲಿಸಿ. ಆ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಆ ಖರ್ಚನ್ನು ಗಾಡಿಯ ಬೆಲೆಯಲ್ಲೇ ಸೇರಿಸಿ ಚೌಕಾಸಿ ಮಾಡಿ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಿದ್ದಾರೆ. 2010-12ರ ಗಾಡಿ ಕೊಳ್ಳುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸುಳ್ಳು ಬಿಲ್ ಮತ್ತು ಹರಿದ ಬೆಲ್ಟ್ ಎರಡನ್ನೂ ನಾನು ಎಸೆದಿಲ್ಲ, ಚಾಚಾ ಬರೆದುಕೊಟ್ಟ ಚೀಟಿಯೂ ಇದೆ. ಬೀದರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ನಿಮಗೂ ವ್ಯಾಪಾರಿಯೊಬ್ಬ ಹೀಗೆ ಮೋಸ ಮಾಡಿದ್ದರೆ ಸುಮ್ಮನಿರಬೇಡಿ. ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಅದಕ್ಕೆ ಶುಲ್ಕವಿಲ್ಲ.