ಗಡಿಯಾರ ನಿಲ್ಲಲ್ಲ

ಮಾಗಡಿಯಿಂದ ರಾಮನಗರ, ಚನ್ನಪಟ್ಟಣ, ಸಾತನೂರು ದಾಟಿ ಕನಕಪುರಕ್ಕೆ ಸೈಕಲ್‌ನಲ್ಲಿ ಹೋಗೋಣ ಅಂತ ನಾವು ಮೂವರು ಹೊರಟಿದ್ದು ಬ್ರೆವೆಗೆ ತಯಾರಿ ಅಂತ. ಬ್ರೆವೆ ರೇಸ್ ಅಲ್ಲ. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು, ಅಷ್ಟೇ. ಆದ್ರೆ ಊಟಕ್ಕೆ ನಿಂತರೂ, ಪಂಕ್ಚರ್ ಆದರೂ ಗಡಿಯಾರ ಓಡ್ತಾನೇ ಇರುತ್ತೆ.

ನಾವಿಬ್ಬರು 25 ಮಿ.ಮೀ. ತೆಳು ಟೈರ್ ಹಾಕಿಸಿ, ಚಾರ್ಜ್ ಮಾಡೋ ಲೈಟ್ ಕಟ್ಟಿದ್ವಿ. ಮೂರನೆಯವನದು ಅವರಪ್ಪನ ಹಳೇ ಸೈಕಲ್, ದಪ್ಪ ಟೈರ್, ಚಕ್ರಕ್ಕೆ ಉಜ್ಜೋ ಡೈನಮೋ. "ಆ 3 ವ್ಯಾಟ್ ದೀಪಕ್ಕೆ ನಿನ್ನ ಕಾಲಿಂದ 6-7 ವ್ಯಾಟ್ ಹೋಗುತ್ತೆ ಕಣೋ, ತುಳಿಯೋದೇ 100 ವ್ಯಾಟ್" ಅಂತ ರೇಗಿಸಿದ್ವಿ. ನಮ್ಮ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಚನ್ನಪಟ್ಟಣ ದಾಟಿದ ಮೇಲೆ ಜಾಲಿ ಮುಳ್ಳು ಚುಚ್ಚಿತು. ಇದ್ದ ಒಂದೇ ಸ್ಪೇರ್ ಟ್ಯೂಬ್ ಹಾಕಿದ್ವಿ. ಸ್ವಲ್ಪ ದೂರಕ್ಕೇ ಇನ್ನೊಂದು ಪಂಕ್ಚರ್. ತಳ್ಕೊಂಡು ಹೋಗಿ ಅಂಗಡಿ ಹುಡುಕಿದ್ವಿ. ಅಂಗಡಿ ಅಣ್ಣ ಪ್ಯಾಚ್ ಏನೋ ಹಾಕಿದ್ರು, ಆದ್ರೆ ನಮ್ಮ ಟ್ಯೂಬಿನದು ಸಣ್ಣ ಪ್ರೆಸ್ಟಾ ವಾಲ್ವ್, ಅವರ ಪಂಪ್ ಅದಕ್ಕೆ ಕೂರಲಿಲ್ಲ. ನಮ್ಮ ಗೇಣುದ್ದದ ಪಂಪಲ್ಲೇ ಗಾಳಿ ತುಂಬೋಷ್ಟರಲ್ಲಿ ಸಂಜೆ ಆರು.

"ಬೇಗ ಹೋಗ್ರಪ್ಪ, ಆನೆ ದಾಟೋ ಕಡೆ ಇದು" ಅಂದ್ರು ಅಣ್ಣ. ಈ ಭಾಗದಲ್ಲಿ ಕಾಡಾನೆ ತೋಟಕ್ಕೆ ಇಳಿಯೋದು ಹೊಸದಲ್ಲ.

ಕತ್ತಲಾಗೋದ್ರೊಳಗೆ ತಲುಪ್ತೀವಿ ಅನ್ನೋ ಧೈರ್ಯದಲ್ಲಿ ಪೂರ್ತಿ ಚಾರ್ಜ್ ಮಾಡಿರಲಿಲ್ಲ. ಸಾತನೂರು ದಾಟಿದ ಮೇಲೆ ನಮ್ಮಿಬ್ಬರ ಲೈಟೂ ಆರಿತು. ಡೈನಮೋ ದೀಪದ ಹಿಂದೆ ಸಾಲಾಗಿ, ಮಾತಿಲ್ಲದೆ ತುಳಿದ್ವಿ. ಅವನು ನಿಂತರೆ ದೀಪವೂ ನಿಲ್ಲುತ್ತೆ. ಏರಿನಲ್ಲೂ ಅವನು ಇಳಿಯಲಿಲ್ಲ.

ತೆಳು ಟೈರ್ ಆ ದಿನ ಉಳಿಸಿದ್ದು ಹೆಚ್ಚೆಂದ್ರೆ ಇಪ್ಪತ್ತು ನಿಮಿಷ, ಕಳೆದಿದ್ದು ಮೂರು ಗಂಟೆ. ಎಫಿಷಿಯೆನ್ಸಿ ಅನ್ನೋದು ಎಲ್ಲ ಸರಿಯಿದ್ದಾಗಿನ ಅಂಕಿ. ಎಷ್ಟು ಸಲ ಕೆಡುತ್ತೆ, ಕೆಟ್ಟರೆ ಸಾತನೂರಿನ ದಾರೀಲಿ ರಿಪೇರಿ ಆಗುತ್ತಾ ಅಂತ ನಾವು ಕೇಳಿಕೊಂಡೇ ಇರಲಿಲ್ಲ. ಪರೀಕ್ಷೆಗೆ ಎಂಟಿಬಿಎಫ್, ಎಂಟಿಟಿಆರ್ ಬಾಯಿಪಾಠ ಮಾಡಿದ್ದೇ ಬಂತು.

ಹಾಗಂತ ನಾವು ಗೇರ್ ಬಿಚ್ಚಿಸಿಲ್ಲ, ಏರಿನಲ್ಲಿ ಮಂಡಿ ಕಾಯೋದು ಅದೇ. ಈಗ 32 ಮಿ.ಮೀ. ಗಟ್ಟಿ ಟೈರ್, ಎರಡು ಟ್ಯೂಬ್, ವಾಲ್ವಿಗೊಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಇದೆ. ಡೈನಮೋನೂ ಹುಡುಕ್ತಿದ್ದೀವಿ.

ಅವತ್ತು ಕನಕಪುರ ಮುಟ್ಟಿದಾಗ ರಾತ್ರಿ ಒಂಬತ್ತು. ಅವನ ಅತ್ತೆ ಗೇಟಲ್ಲೇ ನಿಂತಿದ್ರು. "ಮೊದಲು ಅವನಿಗೆ ಬಡಿಸಿ ಅತ್ತೆ" ಅಂದ್ವಿ ನಾವು.