ಹಡಗಿಗೆ ದಾರಿ ಬಿಡುವ ಸೇತುವೆ

ಮಂಗಳೂರಿನವರಿಗೆ ಸೇತುವೆಯೇನೂ ಹೊಸ ನೋಟವಲ್ಲ. ಕದ್ರಿಯ ಮಂಜುನಾಥನಿಗೆ ಕೈಮುಗಿದು ರಾಮೇಶ್ವರ ಯಾತ್ರೆಗೆ ಹೊರಟವನ ರೈಲು ಊರು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ನೇತ್ರಾವತಿಯನ್ನು ದಾಟುತ್ತದೆ. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ್ದೂ ಈ ಹೊಳೆಯನ್ನು ದಾಟಿಯೇ. ಆದರೆ ಇಲ್ಲಿ ಸೇತುವೆಯು ಹಡಗಿಗಾಗಿ ಅಲುಗಬೇಕಾದ ಪ್ರಸಂಗವಿಲ್ಲ. ಹಳೆಯ ಬಂದರವಿರುವುದು ಅಳಿವೆಯ ಬಳಿ. ಮಂಜಿಗಳು ಸೇತುವೆಯ ತನಕ ಬರಬೇಕಾಗಿಲ್ಲ.

ಅದೇ ಯಾತ್ರಿಕನು ಪಾಲಕ್ಕಾಡು, ಮಧುರೆಗಳ ದಾರಿಯಾಗಿ ಮಂಡಪಂ ತಲಪಿದಾಗ ಬೇರೊಂದು ಬಗೆಯ ಸೇತುವೆಯನ್ನು ಕಾಣುತ್ತಾನೆ. ಅಲ್ಲಿ ನೆಲವು ಮುಗಿದು ಕಡಲು ಮೊದಲಾಗುತ್ತದೆ. ಆಚೆಯ ದಡದಲ್ಲಿ ಪಾಂಬನ್ ದ್ವೀಪ, ಅದರಲ್ಲಿ ರಾಮೇಶ್ವರ. ರೈಲು ಕಡಲನ್ನು ಅಡ್ಡವಾಗಿ ದಾಟಬೇಕು; ಮೀನುದೋಣಿಗಳೂ ಸಣ್ಣ ಹಡಗುಗಳೂ ಅದೇ ಕಾಲುವೆಯ ಮೂಲಕ ಹಾಯಬೇಕು. ಇಬ್ಬರಿಗೂ ದಾರಿ ಬೇಕೆಂದಮೇಲೆ ಸೇತುವೆಯೇ ಎದ್ದು ನಿಲ್ಲಬೇಕಾಯಿತು.

1914ರಲ್ಲಿ ಕಟ್ಟಿ ಮುಗಿಸಿದ ಮೊದಲ ಸೇತುವೆಯ ನಡುವೆ ಎರಡು ಉಕ್ಕಿನ ರೆಕ್ಕೆಗಳಿದ್ದವು. ಹಡಗು ಬಂದಾಗ ಆಳುಗಳು ಸನ್ನೆಗಳನ್ನು ತಿರುಗಿಸಿ, ಮೈಬೆವರಿಳಿಸಿ, ಅವುಗಳನ್ನು ಮೇಲೆತ್ತುತ್ತಿದ್ದರು. ಆ ಕಾಲಕ್ಕೆ ಸಿಂಹಳಕ್ಕೆ ಹೋಗುವವರೂ ಈ ದಾರಿಯಲ್ಲಿ ಧನುಷ್ಕೋಟಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿದ್ದರು.

ಆದರೆ ಕಡಲಿನ ಮನಸ್ಸನ್ನು ಬಲ್ಲವರಾರು? 1964ರ ಡಿಸೆಂಬರ್ 22ರ ರಾತ್ರಿ ಎದ್ದ ಚಂಡಮಾರುತವು ಧನುಷ್ಕೋಟಿಯನ್ನೇ ಅಳಿಸಿಹಾಕಿತು. ಆ ಊರಿನ ಕಡೆಗೆ ಸಾಗುತ್ತಿದ್ದ ರೈಲೊಂದು ನೂರಕ್ಕೂ ಮಿಕ್ಕಿದ ಜನರೊಡನೆ ಅಲೆಗಳ ಪಾಲಾಯಿತು. ಸೇತುವೆಯ ನೂರಕ್ಕಿಂತ ಹೆಚ್ಚು ತೊಲೆಗಳು ಕೊಚ್ಚಿಹೋದವು; ನಡುವಣ ರೆಕ್ಕೆಗಳು ಮಾತ್ರ ಉಳಿದವು. ಅದನ್ನು 46 ದಿನಗಳಲ್ಲಿ ಮತ್ತೆ ನಿಲ್ಲಿಸಿದ ತರುಣ ಎಂಜಿನಿಯರು ಇ. ಶ್ರೀಧರನ್. ಮಂಗಳೂರನ್ನು ಮುಂಬಯಿಗೆ ಹತ್ತಿರ ತಂದ ಕೊಂಕಣ ರೈಲ್ವೆಯನ್ನು ಮುಂದೆ ಕಟ್ಟಿಸಿದವರೂ ಅವರೇ.

ಉಪ್ಪುಗಾಳಿಯು ಉಕ್ಕನ್ನು ಬಿಡದು. ಸೇತುವೆಯು ಮುಪ್ಪಾಗಿ, 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ನಿಂತಿತು. ಎರಡು ವರ್ಷಗಳಿಗೂ ಮೇಲ್ಪಟ್ಟು ಯಾತ್ರಿಕರು ಮಂಡಪದಲ್ಲಿಯೇ ಗಂಟುಮೂಟೆಯೊಡನೆ ಇಳಿದು ರಸ್ತೆಯ ದಾರಿ ಹಿಡಿಯಬೇಕಾಯಿತು. ರೈಲನ್ನು ನಂಬಿದ್ದ ದ್ವೀಪದ ಬಡವರ ಪಾಡೂ ಅದೇ.

2025ರ ಏಪ್ರಿಲ್ 6, ರಾಮನವಮಿಯಂದು, ಪಕ್ಕದಲ್ಲಿಯೇ ಹೊಸ ಸೇತುವೆಯು ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಮಿಕ್ಕಿದೆ. ತಲಾ 18.3 ಮೀಟರಿನ 99 ಅಂಕಣಗಳು. ಹಡಗಿಗಾಗಿ ಎದ್ದೇಳುವ ಅಂಕಣವೊಂದೇ 72.5 ಮೀಟರು. ಇದು ಹಳೆಯದರಂತೆ ರೆಕ್ಕೆ ಬಿಚ್ಚುವುದಿಲ್ಲ. ಹಳಿಯ ಸಮೇತ ಮಟ್ಟಸವಾಗಿ 17 ಮೀಟರು ಮೇಲೇರುತ್ತದೆ. ಗುಟ್ಟು ನಮ್ಮ ತೋಟಗಳ ಏತದ್ದೇ. ಏತದ ಹಿಂತುದಿಗೆ ಕಟ್ಟಿದ ಕಲ್ಲು ನೀರಿನ ಭಾರವನ್ನು ಹಗುರಮಾಡುವಂತೆ, ಇಲ್ಲಿ ಎರಡು ಗೋಪುರಗಳಲ್ಲಿ ತೂಗುವ ಸಮತೂಕದ ಭಾರಗಳು ಕೆಳಗಿಳಿದಷ್ಟೂ ಅಂಕಣವು ಮೇಲೇರುತ್ತದೆ. ವಿದ್ಯುತ್ ಯಂತ್ರಗಳಿಗೆ ಐದಾರು ನಿಮಿಷಗಳ ಕೆಲಸ. ತುಕ್ಕಿನ ಕಾಟಕ್ಕೆಂದು ವಿಶೇಷ ಬಣ್ಣವನ್ನೂ ತುಕ್ಕುಹಿಡಿಯದ ಉಕ್ಕಿನ ಸರಳುಗಳನ್ನೂ ಬಳಸಿದ್ದಾರೆ.

ಭದ್ರತೆಯೆಂದರೆ ಅಲುಗದಿರುವುದೆಂದೇ ನಾವು ತಿಳಿದಿದ್ದೇವೆ. ಪಾಂಬನ್ನಿನಲ್ಲಿ ಆ ಮಾತು ಅರ್ಧ ಸತ್ಯ: ಕಡಲೆದುರು ಕಂಬಗಳು ಅಲುಗಬಾರದು; ಹಡಗೆದುರು ಅಂಕಣವು ಅಲುಗದೆ ಇರಬಾರದು.

ನೋಡಬಯಸುವವರಿಗೆ 1988ರಲ್ಲಿ ತೆರೆದ ರಸ್ತೆ ಸೇತುವೆಯೇ ಒಳ್ಳೆಯ ತಾಣ. ಬೆಳಗಿನ ಹೊತ್ತು ಹೋಗಬೇಕು. ಗಾಳಿ ಜೋರು, ತಲೆಯ ಮೇಲಿನ ವಸ್ತ್ರ ಜೋಪಾನ. ಅದೇ ವೇಳೆಗೆ ಹಡಗೊಂದು ಬಂದು ಅಂಕಣವು ಮೇಲೆದ್ದರೆ, ಅದು ನೋಡಿದವರ ಪುಣ್ಯ.