ಮೂವತ್ತೊಂದನೇ ವಾರದ ಟಯರು

ಟಯರಿನ ಪಕ್ಕೆಯಲ್ಲಿ ಅಕ್ಷರ ಮತ್ತು ಅಂಕೆಗಳ ಒಂದು ಸಾಲು ಇರುತ್ತದೆ. ಅದರ ಕೊನೆಗೆ ನಾಲ್ಕು ಅಂಕೆಗಳು. ಮೊದಲ ಎರಡು ವಾರವನ್ನು, ಕೊನೆಯ ಎರಡು ವರ್ಷವನ್ನು ಹೇಳುತ್ತವೆ. 4922 ಎಂದಿದ್ದರೆ ಆ ಟಯರು 2022ನೇ ಇಸವಿಯ ನಲವತ್ತೊಂಬತ್ತನೇ ವಾರದಲ್ಲಿ, ಅಂದರೆ ಡಿಸೆಂಬರಿನಲ್ಲಿ, ತಯಾರಾದದ್ದು. 2000ಕ್ಕಿಂತ ಹಿಂದಿನ ಟಯರುಗಳಲ್ಲಿ ಮೂರೇ ಅಂಕೆಗಳಿರುತ್ತಿದ್ದವು. ವರ್ಷಕ್ಕೆ ಒಂದೇ ಅಂಕೆ. ದಶಕ ಯಾವುದೆಂದು ನೋಡುವವರೇ ಊಹಿಸಬೇಕಿತ್ತು.

ಹಳೆಗನ್ನಡ ಶಾಸನಗಳ ಕಾಲನಿರ್ಣಯದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ತೊಡಕು ಪರಿಚಿತವೇ. ಸಂವತ್ಸರದ ಹೆಸರಷ್ಟೇ ಉಳಿದ ಕಲ್ಲು ಸಿಕ್ಕರೆ ಅರುವತ್ತು ವರ್ಷಗಳ ಯಾವ ಸುತ್ತಿಗೆ ಸೇರಿದ್ದೆಂದು ತಲೆ ಕೆಡಿಸಿಕೊಳ್ಳಬೇಕು. ಹಲ್ಮಿಡಿ ಶಾಸನದಲ್ಲಿ ತೇದಿಯೇ ಇಲ್ಲ; ಲಿಪಿಯ ರೂಪ, ಭಾಷೆ ನೋಡಿ ಐದನೇ ಶತಮಾನ ಎನ್ನುತ್ತಾರೆ. ಅವುಗಳಿಗೆ ಹೋಲಿಸಿದರೆ ಟಯರು ಸರಳ. ತನ್ನ ಹುಟ್ಟಿದ ವಾರವನ್ನು ಅದು ಮೈಮೇಲೆಯೇ ಬರೆದುಕೊಂಡಿರುತ್ತದೆ.

ನನ್ನ ಸ್ಕೂಟರಿನ ಮುಂದಿನ ಟಯರಿನಲ್ಲಿ 4922 ಎಂದಿತ್ತು. ಹಿಂದಿನದರಲ್ಲಿ 3120. ಸ್ಕೂಟರು ತಯಾರಾದದ್ದು 2023ರ ಜನವರಿಯಲ್ಲಿ. ಗಾಡಿ ಹುಟ್ಟುವ ಎರಡೂವರೆ ವರ್ಷ ಮೊದಲೇ ಅದರ ಹಿಂದಿನ ಟಯರು ಹುಟ್ಟಿತ್ತು.

ಹನ್ನೊಂದು ತಿಂಗಳ ಫೆಲೋಶಿಪ್ ಒಟ್ಟಿಗೆ ಕೈಗೆ ಬಂದಾಗ ಕೊಂಡ ಗಾಡಿ ಅದು. ಎರಡನೇ ವಾರದಿಂದಲೇ ಹಿಂದಿನ ಚಕ್ರದ ಗಾಳಿ ಇಳಿಯತೊಡಗಿತು. ಸೋಮವಾರ ಪೆಟ್ರೋಲ್ ಬಂಕಿನಲ್ಲಿ ಕೈಪಿಡಿ ಹೇಳಿದಷ್ಟು ತುಂಬಿಸಿದರೆ ಶುಕ್ರವಾರಕ್ಕೆ ಮೆತ್ತಗೆ. ಷೋರೂಮಿಗೆ ಎರಡು ಸಲ ಒಯ್ದೆ. ಎರಡು ಸಲವೂ ಗಾಳಿ ತುಂಬಿಸಿ, "ಮೊಳೆ ಎಂತದ್ದೂ ಇಲ್ಲ, ಹೊಸ ಟಯರ್ ಅಲ್ವಾ, ಸೆಟ್ ಆಗ್ತದೆ" ಎಂದು ಕಳಿಸಿದರು. ಗಾಳಿ ತುಂಬಿಸಿದ ದಿನ ಮತ್ತು ಅಳತೆಯನ್ನು ಟಿಪ್ಪಣಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತಾ ಬಂದೆ. ಸಂಶೋಧನೆಯಿಂದ ಅಂಟಿದ ಚಟ.

ಜೂನ್ ಕೊನೆಗೆ ಅಪ್ಪನನ್ನು ಪುತ್ತೂರಿನಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ ಸುಳ್ಯದ ಕಡೆ ಬರುತ್ತಿದ್ದೆವು. ಜಾಲ್ಸೂರಿನ ಹತ್ತಿರ ಒಂದು ತಿರುವಿನಲ್ಲಿ ಗಾಡಿಯ ಹಿಂಬದಿ ಒಮ್ಮೆಲೇ ಬಾಲ ಬೀಸಿದ ಹಾಗಾಯಿತು. ಮಳೆ ಸುರಿಯುತ್ತಿತ್ತು, ಎದುರಿನಿಂದ ಮರ ತುಂಬಿದ ಲಾರಿ ಇಳಿಯುತ್ತಿತ್ತು. ಬ್ರೇಕ್ ಒತ್ತದೆ, ಎಕ್ಸಲರೇಟರ್ ಬಿಟ್ಟು, ಹ್ಯಾಂಡಲನ್ನು ನೇರ ಹಿಡಿದೆ. ಗಾಡಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಅಪ್ಪನ ಕೈ ನನ್ನ ಭುಜದ ಮೇಲೆ ಬಿಗಿಯಾಗಿಯೇ ಇತ್ತು. ಎಷ್ಟೋ ಹೊತ್ತಿನ ಮೇಲೆ, "ಇಳಿಯುವಾ ಮಗಾ?" ಎಂದರು.

ಅರ್ಧ ಕಿಲೋಮೀಟರ್ ತಳ್ಳಿದ ಮೇಲೆ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಅಂಗಡಿಯ ಕಾಕ ಗಾಳಿ ತುಂಬಿಸಿ ಸೋಪಿನ ನೀರು ಹಚ್ಚಿದರು. ಮೊಳೆ ಹೊಕ್ಕಿದ್ದರೆ ಒಂದೇ ಕಡೆ ಗುಳ್ಳೆ ಏಳಬೇಕು. ಇಲ್ಲಿ ಟಯರು ರಿಮ್ಮಿಗೆ ಕೂರುವ ಅಂಚಿನುದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳು. ಟ್ಯೂಬ್‌ಲೆಸ್ ಟಯರಿನಲ್ಲಿ ಗಾಳಿ ನಿಲ್ಲುವುದು ಆ ಅಂಚು ಬಿಗಿಯಾಗಿ ಕೂತಿದ್ದರೆ ಮಾತ್ರ. ರಬ್ಬರು ಗಡಸಾದರೆ ಅದು ಸರಿಯಾಗಿ ಕೂರುವುದಿಲ್ಲ. ಅಂಚಿನ ಮೇಲ್ಗಡೆ ಕೂದಲೆಳೆಯಂಥ ಬಿರುಕುಗಳೂ ಇದ್ದವು. ಕಾಕ ಟಾರ್ಚ್ ಹಿಡಿದು ನಾಲ್ಕು ಅಂಕೆ ಓದಿ ಅಪ್ಪನ ಕಡೆ ತಿರುಗಿದರು: "ಗಾಡಿ ಹೊಸತು ಮಾರಾಯ್ರೆ, ಟಯರ್ ಹೊಸತಲ್ಲ. ಇದು ಎಲ್ಲಿಯೋ ಬಿಸಿಲಿಗೆ ಬಿದ್ದುಕೊಂಡಿದ್ದ ಮಾಲು."

ಗಾಳಿಯಲ್ಲಿರುವ ಆಮ್ಲಜನಕ, ಓಝೋನ್ ಎರಡೂ ರಬ್ಬರನ್ನು ನಿಧಾನವಾಗಿ ಕೆಡಿಸುತ್ತವೆ. ಅದನ್ನು ತಡೆಯಲೆಂದೇ ತಯಾರಿಸುವಾಗ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟಯರು ಉರುಳುತ್ತಾ ಬಾಗಿ ಬಳುಕಿದಂತೆ ಅವು ಮೇಲ್ಮೈಗೆ ಬಂದು ತೆಳ್ಳಗೆ ಹರಡಿಕೊಳ್ಳುತ್ತವೆ. ನಿಂತಲ್ಲೇ ನಿಂತ ಟಯರಿಗೆ ಆ ರಕ್ಷೆ ಕಡಿಮೆ. ನೆರಳಿನಲ್ಲಿ, ತಂಪಿನಲ್ಲಿ ಜೋಡಿಸಿಟ್ಟರೆ ಎರಡೂವರೆ ವರ್ಷ ದೊಡ್ಡ ಮಾತೇನಲ್ಲ. ಬಿಸಿಲಿಗಿಟ್ಟರೆ ದೊಡ್ಡದೇ.

ಷೋರೂಮಿನವರು ವಾರಂಟಿ ಪುಸ್ತಕ ಬಿಡಿಸಿ ತೋರಿಸಿದರು: ಟಯರು, ಬ್ಯಾಟರಿಗಳಿಗೆ ಆಯಾ ತಯಾರಕರೇ ಹೊಣೆ. ಟಯರಿನ ಡೀಲರು, ತಯಾರಿಕೆಯ ದೋಷಕ್ಕೆ ಮಾತ್ರ ನಾವು, ಇಟ್ಟಲ್ಲಿ ಹಾಳಾಗಿದ್ದರೆ ಇಟ್ಟವರನ್ನು ಕೇಳಿ ಎಂದರು. ಮತ್ತೆ ಷೋರೂಮಿಗೆ ಹೋದೆ. ಮ್ಯಾನೇಜರು ಶಾಂತವಾಗಿಯೇ ಕೇಳಿದರು: "ಈ ಟಯರ್ ನಮ್ಮಲ್ಲಿಂದಲೇ ಹೋದದ್ದು ಅಂತ ಹೇಗೆ ಹೇಳ್ತೀರಿ ಮೇಡಂ?"

ಬಿಲ್ಲು ತೆಗೆದು ನೋಡಿದೆ. ಎಂಜಿನ್ ಸಂಖ್ಯೆ ಇತ್ತು, ಚಾಸಿ ಸಂಖ್ಯೆ ಇತ್ತು, ಕೀಲಿಕೈಯ ಸಂಖ್ಯೆಯೂ ಇತ್ತು. ಇಬ್ಬರ ಭಾರ ಹೊತ್ತು ನೆಲ ಮುಟ್ಟುವ ಭಾಗದ ಸಂಖ್ಯೆ ಎಲ್ಲಿಯೂ ಇರಲಿಲ್ಲ.

ಅಪ್ಪನಿಗೆ ಈ ವ್ಯವಹಾರವೇ ಅರ್ಥವಾಗಲಿಲ್ಲ. ನಮ್ಮದು ಸಣ್ಣದೊಂದು ರಬ್ಬರ್ ತೋಟ. ಬಿಸಿಲೇರುವ ಮೊದಲೇ ಟ್ಯಾಪಿಂಗ್ ಆಗಬೇಕು, ಆಗಲೇ ಹಾಲು ಚೆನ್ನಾಗಿ ಇಳಿಯುವುದು. ಗೆರಟೆಗಳಲ್ಲಿ ಕೂಡಿದ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಮೆಷಿನ್ನಿಗೆ ಕೊಟ್ಟು, ಹೊಗೆಯಲ್ಲಿ ಒಣಗಿಸಿದರೆ ಶೀಟು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಒಳಗೆ ಗುಳ್ಳೆ ಕಂಡರೆ, ತೊಗಟೆಯ ಚೂರು ಕಂಡರೆ, ಬೂಷ್ಟು ಹಿಡಿದಿದ್ದರೆ, ಒಣಗದೆ ಬಿಳಿಯಾಗಿ ಉಳಿದಿದ್ದರೆ ದರ್ಜೆ ಇಳಿಸಿ ಕಿಲೋಗಿಷ್ಟು ಎಂದು ಕಡಿಯುತ್ತಾನೆ. ತಂದವನು ಎದುರೇ ನಿಂತಿರುತ್ತಾನೆ. ಶೀಟು ಯಾರದ್ದೆಂಬ ಪ್ರಶ್ನೆಯೇ ಇಲ್ಲ.

ನಮ್ಮ ತಾಲೂಕಿನಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ನೆಲೆ, ಕೆಲಸ ಸಿಕ್ಕಿದ್ದು ಆ ತೋಟಗಳಲ್ಲಿ. ನನ್ನ ಜೊತೆ ಶಾಲೆಗೆ ಬರುತ್ತಿದ್ದವಳ ಅಮ್ಮ ಅಲ್ಲಿ ಟ್ಯಾಪಿಂಗ್ ಮಾಡುತ್ತಿದ್ದರು. ಅವರೂ ದಿನದ ಹಾಲನ್ನು ಹೊತ್ತು ತಂದು, ತೂಗಿಸಿ, ತಮ್ಮ ಹೆಸರಿನ ಮುಂದೆ ಬರೆಸಬೇಕಿತ್ತು. ರಬ್ಬರು ಮರದ ಬುಡದಲ್ಲಿರುವವರೆಗೆ ಪ್ರತಿ ಹನಿಗೂ ಒಬ್ಬ ಉತ್ತರದಾಯಿ ಇರುತ್ತಾನೆ. ಕೈ ಬದಲಾಗುತ್ತಾ ಹೋದಂತೆ ಬೆಲೆ ಏರುತ್ತದೆ, ಉತ್ತರ ಹೇಳುವವರು ಕರಗುತ್ತಾರೆ.

"ನನ್ನ ಶೀಟಿನ ಒಂದು ಗುಳ್ಳೆಗೆ ನಾನು ಜವಾಬು ಹೇಳ್ಬೇಕು. ಅವರ ಟಯರಿಗೆ ಜನವೇ ಇಲ್ವಾ?" ಎಂದರು ಅಪ್ಪ.

ಆ ರಾತ್ರಿ ಪತ್ರ ಬರೆಯಲು ಕೂತೆ. ತೇದಿಯಿಲ್ಲದ ಶಾಸನಕ್ಕೆ ಸುತ್ತಲಿನ ಸಾಕ್ಷ್ಯ ಹುಡುಕುವ ಹಾಗೆಯೇ ಇದಕ್ಕೂ ಹುಡುಕಿದೆ. ಷೋರೂಮಿಗೆ ಮೊದಲ ಸಲ ಒಯ್ದಾಗ ಅವರೇ ಬರೆದ ಜಾಬ್ ಕಾರ್ಡ್ ಇತ್ತು: ಹಿಂದಿನ ಟಯರು, ಗಾಳಿ ಇಳಿಯುತ್ತದೆ, ಓಡಿದ್ದು 312 ಕಿಲೋಮೀಟರ್. ಅಷ್ಟು ಓಡಿದ ಹೊಸ ಗಾಡಿಯ ಹೊಸ ಟಯರನ್ನು ಬಿಚ್ಚಿಸಿ ಎರಡೂವರೆ ವರ್ಷ ಹಳೆಯದನ್ನು ಯಾರೂ ಹಾಕಿಸುವುದಿಲ್ಲ. ಎರಡು ಟಯರುಗಳ ಅಂಕೆಗಳ ಫೋಟೋ, ನನ್ನ ಟಿಪ್ಪಣಿಯ ಪುಟ, ಜಾಬ್ ಕಾರ್ಡಿನ ಪ್ರತಿ ಸೇರಿಸಿ ಷೋರೂಮಿಗೂ ಟಯರಿನವರಿಗೂ ಒಂದೇ ಪತ್ರ ಕಳಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ವಸ್ತುವಿಗೆ ತಯಾರಕರ ಜೊತೆ ಮಾರುವವರೂ ಹೊಣೆಯಾಗುವ ಸಂದರ್ಭಗಳಿವೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅದನ್ನೂ ಬರೆದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ.

ಮೂರು ವಾರ ಬಿಟ್ಟು ಷೋರೂಮಿನಿಂದ ಫೋನ್ ಬಂತು. ಟಯರು ಬದಲಿಸಿ ಕೊಡುತ್ತಾರಂತೆ, "ಗ್ರಾಹಕರ ಮೇಲಿನ ವಿಶ್ವಾಸಕ್ಕಾಗಿ". 3120 ಅಲ್ಲಿಗೆ ಹೇಗೆ ಬಂತೆಂದು ಅವರು ಹೇಳಲಿಲ್ಲ.

ಹೊಸ ಟಯರಿನ ಅಂಕೆ 2223. ಅದನ್ನು ಬಿಲ್ಲಿನಲ್ಲಿ ಬರೆದುಕೊಡಿ ಎಂದೆ. ಹಾಗೆ ಬರೆಯುವ ಕ್ರಮ ಇಲ್ಲ ಮೇಡಂ ಎಂದ ಕೌಂಟರಿನ ಹುಡುಗ. ನಾನು ಕುರ್ಚಿಯಿಂದ ಏಳಲಿಲ್ಲ. ಅವನು ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಆಮೇಲೆ ಹೊರಗೆ ಬಂದು, ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು ಅಂಕೆಗಳನ್ನು ಓದಿಕೊಂಡ. ಬಿಲ್ಲಿನ ಕೆಳಗೆ ನೀಲಿ ಪೆನ್ನಿನಲ್ಲಿ ಅವನ್ನು ಬರೆದು, ಸಹಿ ಹಾಕಿ, ಮೊಹರು ಒತ್ತಿದ.

ಆ ಬಿಲ್ಲನ್ನು ಅಪ್ಪ ರಬ್ಬರ್ ಮಾರಿದ ಚೀಟಿಗಳ ಕಟ್ಟಿಗೆ ಸೇರಿಸಿಟ್ಟಿದ್ದಾರೆ.